ಮೂಲದಲ್ಲಿ ಹೀಗಿದೆ

ಋಷಿಮೂಲ ನದಿಮೂಲ ಕೇಳಬಾರದು ಅಂತಾರೆ.
ಕೇಳುವುದೇ ನನ್ನ ಕಸುಬು,
ಪುಟಕ್ಕೆ ನೂರಿಪ್ಪತ್ತು,
ಶಿವಮೊಗ್ಗ ಕೋರ್ಟಿನ ಹಿಂದಿನ ಓಣಿಯಲ್ಲಿ
ಸೈಕಲ್ ಪಂಕ್ಚರ್ ಅಂಗಡಿಯ ಮೇಲೆ,
ಏಪ್ರಿಲ್ಲಿಗೆ ಬಾಣಲೆಯಾಗುವ ತಗಡಿನ ಕೆಳಗೆ.

ಬಂದವರಿಗೆಲ್ಲ ಅವಸರ.
ಇಂಗ್ಲಿಷ್ ಮಾಡಿಕೊಡಿ, ಸೋಮವಾರ ಹೈಕೋರ್ಟಿಗೆ ಹೋಗಬೇಕು,
ವಕೀಲರು ಕಾಯ್ತಿದಾರೆ.
ಮೊದಲು ಒಮ್ಮೆ ಓದಿ ನೋಡ್ತೀನಿ ಅಂದರೆ
ಮುಖ ಸಣ್ಣಗಾಗುತ್ತದೆ,
ನಾನವರ ಪೆಟ್ಟಿಗೆಗೆ ಕೈ ಹಾಕಿದಂತೆ.

ಓದದೆ ಹೇಗೆ?
ಫೆಬ್ರವರಿ ಮೂವತ್ತಕ್ಕೆ ಹುಟ್ಟಿದವರಿದ್ದಾರೆ ನನ್ನ ಕಡತದಲ್ಲಿ.
ಸರ್ವೆ ನಂಬರ್ ಎಂಬತ್ತನಾಲ್ಕು ಮಗುಚಿಕೊಂಡು ನಲವತ್ತೆಂಟಾಗಿ
ಪಕ್ಕದೂರಿನ ಸ್ಮಶಾನ ಮಾರಾಟವಾದದ್ದಿದೆ.
ಕನ್ನಡದಲ್ಲಿ ತಪ್ಪು ಬರಿಗಾಲಲ್ಲಿರುತ್ತದೆ,
ಹೆಜ್ಜೆ ಹಿಡಿದು ಹೋದರೆ ಸಿಗುತ್ತದೆ.
ಇಂಗ್ಲಿಷಿನ ಬೂಟು ತೊಡಿಸಿಬಿಟ್ಟರೋ
ಎದ್ದು ನಿಂತು ಕುರ್ಚಿ ಕೊಡುತ್ತಾರೆ.

ದ್ಯಾವಮ್ಮ ಬಂದದ್ದು ಮಧ್ಯಾಹ್ನ, ರಿಪ್ಪನ್‌ಪೇಟೆ ಬಸ್ಸಿಳಿದು,
ಸೀರೆ ಅಂಗಡಿಯ ಚೀಲದಲ್ಲಿ ಆರು ಹಾಳೆ.
ಪಹಣಿಯಲ್ಲಿ ದೇವಮ್ಮ, ರೇಷನ್ ಕಾರ್ಡಿನಲ್ಲಿ ದ್ಯಾವಮ್ಮ,
ಹಕ್ಕುಬಿಡುಗಡೆ ಪತ್ರದಲ್ಲಿ
ದೇವಕಿ ಕೋಂ ಲೇಟ್ ಹುಚ್ಚಪ್ಪ.
ಮೂವರಲ್ಲಿ ನೀವ್ಯಾರು?
"ಕರದ್ರೆ ಮೂವರಿಗೂ ಓ ಅಂತೀನಿ."
ನಗಲಿಲ್ಲ.
"ಲೇಟ್ ಅಂದ್ರೆ?"
ತೀರಿಹೋದವರು ಅಂತ.
"ಆಗ ಅವ್ರು ಬದುಕಿದ್ರಲ್ಲ.
ಕಚೇರಿ ಜಗಲಿ ಮೇಲೆ ಬೀಡಿ ಸೇದ್ತಾ ಕೂತಿದ್ರು."

ಎಂಬತ್ತಾರನೇ ಇಸವಿಯ ಪತ್ರ, ಹೊಸನಗರದಲ್ಲಿ ನೋಂದಣಿ.
ಕೊನೆಗೆ ಎಲ್ಲ ಪತ್ರಗಳ ಕೊನೆಯಲ್ಲಿರುವುದೇ:
ಓದಿಸಿ, ಕೇಳಿ, ಒಪ್ಪಿ, ಎಡಗೈ ಹೆಬ್ಬೆಟ್ಟಿನ ಗುರುತು.
ಯಾರು ಓದಿದ್ರು?
ಕೆಳಗೆ ಪಂಕ್ಚರಿನವನು ಟ್ಯೂಬನ್ನು ನೀರಿಗದ್ದಿ
ಗುಳ್ಳೆ ಏಳುವುದನ್ನೇ ಕಾಯುತ್ತಿದ್ದ.
"ಯಾರೂ ಓದ್ಲಿಲ್ಲ.
ಅಣ್ಣ ಬೆರಳಿಗೆ ಮಸಿ ಹಚ್ಚಿದ.
ಆಮೇಲೆ ಹೋಟ್ಲಲ್ಲಿ ದೋಸೆ ಕೊಡ್ಸಿದ."

ತಪ್ಪೆನ್ನೋಣವೆಂದರೆ ಕಾಗುಣಿತ ಸರಿಯಿದೆ.
ಟಿಪ್ಪಣಿ ಬರೆಯೋಣವೆಂದರೆ
ದೋಸೆಯ ವಿಷಯ ಎಲ್ಲಿ ಬರೆಯಲಿ?
ಹಾಗಾಗಿ ಓದಿದೆ. ದೊಡ್ಡ ದನಿಯಲ್ಲಿ, ನಿಧಾನವಾಗಿ,
ಮೂವತ್ತೆಂಟು ವರ್ಷ ತಡವಾಗಿ.

ಚೆಕ್ಕುಬಂದಿಗೆ ಬಂದಾಗ ಕೈಯೆತ್ತಿ ತಡೆದಳು.
"ಹಲಸಿನ ಮರ ಮೂಡಕ್ಕಲ್ಲ, ಪಡುವಕ್ಕೆ.
ಮೂಡಕ್ಕಿದ್ದದ್ದು ಅತ್ತಿಗೆ ಬಟ್ಟೆ ಒಗಿಯೋ ಕಲ್ಲು."
ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆದೆ.
ಪಕ್ಕದಲ್ಲಿ ಬರೆದೆ: ಮೂಲದಲ್ಲಿ ಹೀಗಿದೆ.
ಮರವನ್ನು ಪಡುವಕ್ಕೆ ಸರಿಸುವ ಅಧಿಕಾರ
ನೂರಿಪ್ಪತ್ತು ರೂಪಾಯಿಗೆ ಬರುವುದಿಲ್ಲ.

ಮೂರನೇ ಪುಟ, ಹನ್ನೊಂದನೇ ಸಾಲು.
ನನ್ನ ಪಾಲಿನ ಬಾಬ್ತು ಎಂಟು ಸಾವಿರ ರೂಪಾಯಿಗಳನ್ನು
ರೊಕ್ಕವಾಗಿ ಈ ದಿವಸ ಪಡೆದಿ

ಅಷ್ಟೆ. ಹಾಳೆ ಸೊಟ್ಟಗಿಟ್ಟು ತೆಗೆದ ಜೆರಾಕ್ಸು,
ಅಂಚು ಅಲ್ಲಿಗೇ ಹಾರಿದೆ.
ಪಡೆದಿರುತ್ತೇನೆಯೋ, ಪಡೆದಿರುವುದಿಲ್ಲವೋ.
ಕನ್ನಡದ ವಾಕ್ಯ ಕಟ್ಟಕಡೆಯವರೆಗೂ
ಮುಷ್ಟಿ ಬಿಗಿಹಿಡಿದಿರುತ್ತದೆ;
ಇಂಗ್ಲಿಷಿನಲ್ಲಿ ಎರಡನೇ ಪದಕ್ಕೇ ಬಿಚ್ಚಿ ತೋರಿಸಬೇಕು.
ಊಹಿಸಿ ಬರೆಯುವುದಿರಲಿ,
ನಾನು ಶುರು ಮಾಡುವ ಹಾಗೂ ಇಲ್ಲ.

"ಮುಂದೆ?" ಅಂದಳು.
ಮುಂದೆ ಇದರಲ್ಲಿಲ್ಲ. ನಿಮಗೆ ಹಣ ಸಿಕ್ಕಿತ್ತಾ?
ಸೆರಗಿನ ತುದಿಯನ್ನು ಹೆಬ್ಬೆರಳಿಗೆ ಸುತ್ತಿದಳು,
ಬಿಚ್ಚಿದಳು.
"ನಾ ಹೇಳೋದು ಇರ್ಲಿ.
ಅವ್ರು ನನ್ನ ಬಾಯಲ್ಲಿ ಎಂತ ಹೇಳ್ಸಿದಾರೆ ನೋಡ್ಬೇಕು."

ಓದಿದ್ದಕ್ಕೆ ಎಷ್ಟು ಎಂದು ಕೇಳಿದಳು.
ಭಾಷಾಂತರ, ಬೆರಳಚ್ಚು, ಲ್ಯಾಮಿನೇಷನ್,
ಬೋರ್ಡಿನಲ್ಲಿ ಓದುವುದಕ್ಕೆ ದರ ಇಲ್ಲ.
ಇಪ್ಪತ್ತರ ನೋಟೊಂದನ್ನು ಪಂಚಿಂಗ್ ಮಷಿನ್ನಿನ ಕೆಳಗಿಟ್ಟಳು.
ಬೇಡ ಅನ್ನಲಿಲ್ಲ ನಾನು.

ಸಬ್‌ರಿಜಿಸ್ಟ್ರಾರ್ ಕಚೇರಿಗೆ ಚೀಟಿ ಬರೆದುಕೊಟ್ಟೆ:
ದೃಢೀಕೃತ ನಕಲು ಬೇಕು. ಪುಟ ಮೂರು, ಸಾಲು ಹನ್ನೊಂದು,
ಬಲಗಡೆಯ ಅಂಚು ಪೂರ್ತಿ ಕಾಣಬೇಕು.

ಚೀಟಿ ಹಿಡಿದು ಮೆಟ್ಟಿಲವರೆಗೆ ಹೋದವಳು
ತಿರುಗಿ ಬಂದಳು.
"ಇದ್ರಲ್ಲಿ ಎಂತ ಬರದ್ರಿ? ಓದಿ ಹೇಳಿ."
ಓದಿದೆ.
"ಇನ್ನೊಂದ್ಸಲ."