ಮಂಗಳವಾರ, ಶುಕ್ರವಾರ

ಹಂಪನಕಟ್ಟೆಯಲ್ಲಿ ಸಿಟಿ ಬಸ್ಸುಗಳು ಹಾರನ್ನು ಹಾಕುವಾಗ
ಮೂರನೇ ಮಾಳಿಗೆಯಲ್ಲಿ ನಾನು ಸೂಜಿ ಹಾಕುತ್ತೇನೆ.
ಆರು ಹಾಸಿಗೆ, ಐದು ಯಂತ್ರ;
ಆರನೆಯದಕ್ಕೆ ‘ರಿಪೇರಿಗಿದೆ’ ಎಂಬ ಚೀಟಿ,
ಚೀಟಿಗೇ ಈಗ ವರ್ಷ ತುಂಬಿತು.

ನಾಲ್ಕು ಗಂಟೆ ರಕ್ತ ಹೊರಗೆ ತಿರುಗಾಡಿ ಬರುತ್ತದೆ.
ಅಷ್ಟು ಹೊತ್ತು ಮಾತೂ ಸುಮ್ಮನಿರುವುದಿಲ್ಲ.

ಹಂಝಬ್ಬ ಜುಬೈಲಿನಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದವರು.
“ಅಲ್ಲಿಯ ಆಸ್ಪತ್ರೆ ನೋಡಬೇಕು ಮಾರಾಯ್ರೆ,
ನೆಲದಲ್ಲಿ ಮುಖ ಕಾಣುತ್ತದೆ!
ಕಂಪೆನಿ ಕಾರ್ಡು ತೋರಿಸಿದರೆ ಮುಗಿಯಿತು.”
ಆಮೇಲೆ ಸ್ವಲ್ಪ ಹೊತ್ತು ಫ್ಯಾನು ನೋಡುತ್ತಾರೆ.
ಕ್ರಿಯಾಟಿನಿನ್ ಆರು ದಾಟಿದ ವಾರ
ಕಾರ್ಡು ವಾಪಸು ತೆಗೆದುಕೊಂಡರು, ಟಿಕೆಟು ಕೊಟ್ಟರು.
ಕಿಟಕಿ ಬದಿಯ ಸೀಟು.

ಮೊಂತೇರೊ ಮಾಸ್ಟ್ರ ತಂಗಿ ಐವಿ ಲೀಡ್ಸಿನಲ್ಲಿ ನರ್ಸು,
ಎರಡು ವಾರದ ರಜೆಯನ್ನೂ ಈ ಸ್ಟೂಲಿನ ಮೇಲೆಯೇ ಕಳೆಯುತ್ತಿದ್ದಾರೆ.
“ಬಿಲ್ಲೆಂಬ ಕಾಗದವನ್ನೇ ನಾವು ಕಂಡಿಲ್ಲ.
ಆದರೆ ಮಂಡಿ ಬದಲಿಸಲು ಬಂದ ಒಬ್ಬ ಅಜ್ಜ
ಕಾದೂ ಕಾದೂ ಮೂರು ಊರುಗೋಲು ಬದಲಿಸಿದ.”
ಎಲ್ಲರೂ ನಕ್ಕರು, ಟ್ಯೂಬುಗಳೂ ಅಲುಗಿದವು.
“ಡಯಾಲಿಸಿಸ್ ಮಾತ್ರ ವಾರಕ್ಕೆ ಮೂರು ಸಲ.”
ಆಗ ಯಾರೂ ನಗಲಿಲ್ಲ.
ನಾನು ಗೋಡೆಯ ಪಟ್ಟಿ ನೋಡಿದೆ:
ಮಂಗಳವಾರ, ಶುಕ್ರವಾರ.

ಅಮೆರಿಕದ ಸುದ್ದಿ ಎತ್ತಿದ್ದೂ ಹಂಝಬ್ಬರೇ:
ಅಲ್ಲಿ ಬಿದ್ದವನು ಆಂಬುಲೆನ್ಸು ಬೇಡವೆಂದು
ಕೈ ಮುಗಿಯುತ್ತಾನಂತೆ.
ಬೊಂಡ ಒಂದು ಯಾವ ದೇಶದಲ್ಲೂ ಇವರಿಗಿಲ್ಲ,
ಆ ವಿಷಯದಲ್ಲಿ ಜಗತ್ತೆಲ್ಲ ಒಂದೇ ಕಾನೂನು.

ಅಷ್ಟರವರೆಗೆ ವಾರಿಜಕ್ಕ ಕೆಳಗೆ ಕೌಂಟರಿನಲ್ಲಿದ್ದರು.
ಯೋಜನೆಯ ಯಂತ್ರಕ್ಕೆ ಹೆಬ್ಬೆರಳು ಬೇಕು,
ಮೂವತ್ತು ವರ್ಷದ ಬೀಡಿಯಲ್ಲಿ
ಗೆರೆಗಳೆಲ್ಲ ಎಲೆಗೆ ಹೋಗಿಯಾಗಿವೆ.
ಒರೆಸಿ ನೋಡಿದರು, ತೆಂಗಿನೆಣ್ಣೆ ಹಚ್ಚಿ ನೋಡಿದರು,
ಎಡಗೈ, ಬಲಗೈ, ಉಂಗುರದ ಬೆರಳು.
ಕೊನೆಗೆ ಕಿರುಬೆರಳನ್ನು
ಇವರೇ ವಾರಿಜ ಎಂದು ಸರಕಾರ ಒಪ್ಪಿತು.
ನಲವತ್ತು ನಿಮಿಷ.

ಯಾವ ದೇಶವನ್ನೂ ಅವರು ಹೊಗಳಲಿಲ್ಲ, ಬೈಯಲಿಲ್ಲ.
ಸೂಜಿ ಹೋಗುವಾಗ ಮುಖ ಆಚೆ ತಿರುಗಿಸಿ
ಐವಿಯನ್ನು ಕೇಳಿದರು:
“ಮುಗಿದ ಮೇಲೆ ಮನೆಗೆ ಹೋಗಲಿಕ್ಕೆ ನಿಮ್ಮಲ್ಲಿ ಬಸ್ಸುಂಟಾ?”
“ದೂರದವರಿಗೆ ಆಸ್ಪತ್ರೆಯ ಕಾರು ಬರುತ್ತದೆ.”
“ದೂರ ಅಂದರೆ, ಮುಡಿಪಿನಷ್ಟಾ?”
ಐವಿ ಮೈಲಿಯಲ್ಲಿ ಲೆಕ್ಕ ಹಾಕುತ್ತ
ಅಣ್ಣನ ಹೊದಿಕೆ ಸರಿ ಮಾಡಿದರು.

ಸ್ಟೇಟ್‌ಬ್ಯಾಂಕಿನಿಂದ ಆರೂ ಹತ್ತಕ್ಕೆ ಬಸ್ಸು.
ಮೂರು ಗಂಟೆ ಇಪ್ಪತ್ತಕ್ಕೇ ನಾನು ಯಂತ್ರ ನಿಲ್ಲಿಸಿದೆ,
ರಿಜಿಸ್ಟರಿನಲ್ಲಿ ನಾಲ್ಕು ಎಂದು ಬರೆದೆ.
ಹತ್ತಿಯನ್ನು ಹತ್ತು ನಿಮಿಷ ಒತ್ತಿ ಹಿಡಿಯಬೇಕು;
ವಾರಿಜಕ್ಕ ಚಪ್ಪಲಿ ಹುಡುಕುತ್ತ ಎದ್ದೇ ಬಿಟ್ಟರು,
ಎಡಗೈಯ ನೆತ್ತರನ್ನು
ಬಲಗೈಯ ಆ ನುಣ್ಣನೆಯ ಹೆಬ್ಬೆರಳಲ್ಲಿ ಒತ್ತಿಕೊಂಡು.