ಬಿಲ್ಲಿಲ್ಲದ ರಿಪೇರಿ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಒಂಬತ್ತು ಜಿಪಿಎಸ್ ಸೆಟ್ಟು,
ಒಂಬತ್ತು ಬೋಟಿನವರು,
ಒಂದೇ ದೂರು:
ರಾತ್ರಿ ಮಲ್ಪೆ ತನ್ನ ಜಾಗದಲ್ಲಿರಲಿಲ್ಲ.

"ಅಳಿವೆ ಬಾಗಿಲನ್ನು ಬಂಡೆಯ ಮೇಲೆ ತೋರಿಸಿತು ಮಾರಾಯಾ!"
ಜನ್ನ ಕುಂದರ್ ಕೂಗುತ್ತಾರೆ,
ಕೈಯಲ್ಲಿನ್ನೂ ಬಂಗುಡೆಯ ಹುರುಪೆ.

ಸ್ಕ್ರೂ ಬಿಚ್ಚಿದೆ. ಉಪ್ಪು ಹಿಡಿದಿಲ್ಲ.
ವಯರು ಸರಿ. ಬ್ಯಾಟರಿ ಸರಿ.
ನಿನ್ನೆಯೇ ರೇಡಿಯೋ ಹೇಳಿತ್ತು: ಸೂರ್ಯನ ಮೈ ಬಿರಿದು
ಎರಡು ದಿನದ ದಾರಿ ನಡೆದ ಬಿರುಗಾಳಿ
ಭೂಮಿಯ ಅಯಸ್ಕಾಂತದ ಬಲೆಗೆ ಬೀಳುತ್ತದೆಂದು.
ಬಲೆ ಹರಿಯಲಿಲ್ಲ. ಜಗ್ಗಿತು, ಅಷ್ಟೆ.
ಧ್ರುವದವರಿಗೆ ಆಕಾಶದಲ್ಲಿ ಹಸಿರು ಪರದೆ;
ನಮಗೆ ಬರೀ ಸುಳ್ಳು ಅಂಕಿ.

"ಸೂರ್ಯನಿಗೇ ರಿಪೇರಿ ಬೇಕು" ಅಂದೆ.
ಯಾರೂ ನಗಲಿಲ್ಲ. ಡೀಸೆಲ್ ಸುಟ್ಟವರು.

"ಮತ್ತೆ ಹೇಗೆ ಬಂದಿರಿ?"
ಜನ್ನಣ್ಣ ಪಡುವಣಕ್ಕೆ ಗದ್ದ ಎತ್ತಿದರು:
ತೋನ್ಸೆಪಾರಿನ ಕರಿಕಂಬಗಳು,
ಲಾವಾ ಆರುವಾಗ ಅಂದಿನ ಉತ್ತರ ದಿಕ್ಕನ್ನು
ಎದೆಯೊಳಗೆ ಗಟ್ಟಿ ಮಾಡಿಕೊಂಡ ಕಲ್ಲು.
ಅವರಿಗದು ಗೊತ್ತಿಲ್ಲ.
ಅಲ್ಲಿ ಅಲೆ ಒಡೆಯುವ ಸದ್ದು ಗೊತ್ತು.

ಒಂಬತ್ತಕ್ಕೂ ಮತ್ತೆ ಸ್ಕ್ರೂ ಬಿಗಿದೆ.
ಒಂದು ಉಳಿಯಿತು, ಯಾವುದರದೋ,
ಸ್ಕ್ರೂಡ್ರೈವರಿನ ತುದಿಗೆ
ಅಂಟಿಕೊಂಡೇ ಇದೆ.