ನೂರರ ಬಾಟಲಿ

ತಾವರಗೇರಾ ದನದ ದವಾಖಾನೆಯಿಂದ
ಬಸ್ಸಿನಾಗ ತೊಡಿಮ್ಯಾಲಿಟ್ಟು ತಂದೆ ಥರ್ಮಾಕೋಲ್ ಡಬ್ಬಿ,
ಕೂಸಿನ ಹಂಗ.
ಒಳಗ ಮಂಜುಗಡ್ಡಿ, ಅದರ ನಡುವ
ಹೆಬ್ಬೆರಳುದ್ದದ ಬಾಟಲಿ.

ಕಲಸಿದರ ನೂರು ಕುರಿಗೆ ಆಗತೈತಿ.
ಕಲಸಿದ ಮ್ಯಾಲ ಅದರ ಆಯುಷ್ಯ ಎರಡೇ ತಾಸು.

ಯಮನೂರಪ್ಪನ ರೊಪ್ಪದಾಗ ಎಂಬತ್ತೇಳು.
ಮುಂಗಾಲು ಹಿಡಿದು ಒಂದೊಂದೇ ಒಪ್ಪಿಸಿದ.
ನಾನು ಚುಚ್ಚಿದೆ. ಮೊಮ್ಮಗಳು ಶಿವಗಂಗಿ
ಚುಚ್ಚಿದ್ದರ ಬೆನ್ನಿಗೆ ನೀಲಿ ಬಳಿದಳು,
ಒಮ್ಮೆ ನನ್ನ ಸೆರಗಿಗೂ.

ಉಳಿದದ್ದು ಹದಿಮೂರು.
"ಚೆಲ್ಲಿಬಿಡವ್ವ," ಅಂದ.

ಮುಳ್ಳುಬೇಲಿ ಆಚೆ
ತಮ್ಮ ದುರುಗಪ್ಪನ ಆಡು
ಜಾಲಿಕಾಯಿ ಕಟಕಟ ಕಡಿಯಾಕ್ಹತ್ತಿದ್ದವು.
ಬದುವಿನ ಜಗಳಕ್ಕ ಈಗ ಆರು ವರ್ಷ.

ಗಡಿಯಾರ ನೋಡಿದೆ.
"ಹಿರೇಬ್ಯಾನಿ ಬೇಲಿ ನೋಡಿ ನಿಂದ್ರಂಗಿಲ್ಲ, ಮಾವ.
ಅತ್ತಾಗ ಬಂದರ ಇತ್ತಾಗೂ ಬರತೈತಿ."

ತಂಬಾಕು ಉಗುಳಿದ. ತಮ್ಮನ ಹೆಸರು ಎತ್ತಲಿಲ್ಲ.
ನಾಲಿಗಿ ಮಡಚಿ ಸಿಳ್ಳೆ ಹಾಕಿದ,
ಪಾಲಾಗೂ ಮೊದಲಿನ ಸಿಳ್ಳೆ.

ಮುದಿ ಆಡೊಂದು ತಲೆ ಎತ್ತಿತು,
ಮುಳ್ಳು ನುಸುಳಿ ಬಂತು,
ಅದರ ಬೆನ್ನಿಗೆ ಉಳಿದವು,
ಅವುಗಳ ಬೆನ್ನಿಗೆ ಬಡಿಗಿ ಹಿಡಕೊಂಡು
ದುರುಗಪ್ಪ.

ಯಾರೂ ಮಾತಾಡಲಿಲ್ಲ. ನಾನು ಸೂಜಿ ತೋರಿಸಿದೆ.
ಬಡಿಗಿ ಬೇಲಿಗೆ ಆನಿಸಿ
ಅವನೂ ಒಂದರ ಮುಂಗಾಲು ಹಿಡಿದ.

ಎಣಿಸಿದರ ಹದಿನಾಲ್ಕು. ಒಂದು ಉಳೀತು.
ವಹಿಯಾಗ ಬರಕೊಂಡೆ:
ಕರೇ ಹೋತ, ಮುಂದಿನ ಗುರುವಾರ.
ಹಾಯೂ ಚಾಳಿ ಐತಿ.
ಹಿಡಿಯಾಕ ಇಬ್ಬರು ಬೇಕು.